ಒಂದು ಸರದಿ ಹುಲ್ಲು ಮೆಲ್ಲಬೇಕು

ರಾಮಕೃಷ್ಣನಗರ, ಮೈಸೂರು
ಗುರುವಾರ, ೧೩ ನವೆಂಬರ್ ೨೦೨೫

ವಸಂತ್ ಅವರಿಗೆ,

‘ಪ್ರೀತಿಯ’ ಎಂದು ಶುರು ಮಾಡಲು ಕೈ ಬರಲಿಲ್ಲ. ‘ಮಾನ್ಯರೇ’ ಎಂದರೆ ನಲ್ಲಿಯಲ್ಲಿ ನೀರು ಬರುತ್ತಿಲ್ಲವೆಂದು ಪಾಲಿಕೆಗೆ ಬರೆದ ಹಾಗಿರುತ್ತದೆ. ಹೆಸರೊಂದೇ ಇರಲಿ. ಮದುವೆಯಾದ ಮೇಲೆ ನಿಮ್ಮನ್ನು ಹೆಸರು ಹಿಡಿದು ಕರೆದವಳಲ್ಲ, ‘ರೀ’ ಎಂದೇ ಕಾಲ ಕಳೆದೆ. ಈಗ ಬರೆದು ನೋಡಿದರೆ ಪರವಾಗಿಲ್ಲ, ಒಳ್ಳೆಯ ಹೆಸರೇ.

ವಾಟ್ಸಾಪ್‌ನಲ್ಲಿ ಬರೆಯಬಹುದಿತ್ತು. ಬರೆದರೆ ನೀವು ಎರಡನೇ ಸಾಲಿಗೇ ಫೋನ್ ಮಾಡುತ್ತೀರಿ, ಅಲ್ಲಿಂದ ಮಾತೆಲ್ಲ ನಿಮ್ಮದಾಗುತ್ತದೆ. ಕಾಗದಕ್ಕೆ ಅಡ್ಡಬಾಯಿ ಹಾಕಲು ಆಗುವುದಿಲ್ಲ.

ನಿಮ್ಮ ತಂಗಿ ಸೌಮ್ಯ ಮೊನ್ನೆ ಬಂದು ನೀವು ಹೇಳಿ ಕಳಿಸಿದ್ದನ್ನೆಲ್ಲ ಒಪ್ಪಿಸಿದಳು. ಭಾನುವಾರ ಗೋಕುಲಂನ ಕ್ಲಬ್ಬಿನವರು ಪ್ರದರ್ಶನ ಇಟ್ಟಿದ್ದಾರೆ, ಅಲ್ಲಿ ನೀವು ಟೇಬಲ್ ಮೇಲೆ ಸಿಪಾಯಿ ಗೊಂಬೆ ಇಟ್ಟು ಪೊಳ್ಳಿಲೂರಿನ ಯುದ್ಧ ಆಡುತ್ತೀರಿ, ಇಂಗ್ಲಿಷರ ಕಂಪನಿಯ ಪಡೆ ನಿಮ್ಮ ಹತ್ತಿರ ಇದೆ, ಮೈಸೂರಿನ ಪಡೆ ನನ್ನ ಹತ್ತಿರ ಉಳಿದಿದೆ. ನಾನು ಅದನ್ನು ತರಬೇಕು, ನಿಮ್ಮ ಎದುರು ಕೂತು ಆಡಬೇಕು, ಆಟ ಮುಗಿದ ಮೇಲೆ ಹಾಗೇ ನಿಮ್ಮ ಸ್ಕೂಟರ್ ಹತ್ತಿ ಲಕ್ಷ್ಮೀಪುರಂ ಮನೆಗೆ ಬಂದುಬಿಡಬೇಕು. “ಹಳೇದೆಲ್ಲ ಬುಟ್ಟಾಕಿ ಹೊಸಾ ರೂಲ್ಸ್ ಇಟ್ಕೊಂಡು ಶುರು ಮಾಡಣ ಅಂದ ಅಣ್ಣ” ಅಂತ ಸೌಮ್ಯ ಕಾಫಿ ಲೋಟ ಹಿಡಿದು ಹೇಳಿದಳು. ಪಾಪ, ಅವಳಿಗೆ ಅದು ಒಳ್ಳೆಯ ಮಾತಾಗಿಯೇ ಕೇಳಿಸಿದೆ. ಹೊರಡುವಾಗ ಬಾಗಿಲಲ್ಲಿ ನಿಂತು, “ಅಲ್ಲ ಅತ್ಗೆ, ಯಾರಾದ್ರೂ ಒಂದು ಮಾತಿಗೆ ಮನೆ ಬುಡ್ತಾರಾ?” ಅಂದಳು.

ಆ ಒಂದು ಮಾತು ನಿಮಗೆ ನೆನಪಿರಲಿಕ್ಕಿಲ್ಲ. ಹೋದ ವರ್ಷ ಯುಗಾದಿ ರಜೆಯಲ್ಲಿ ನಿಮ್ಮ ಕಾಲೇಜಿನ ಲೆಕ್ಚರರ್‌ಗಳು ನಮ್ಮ ಆಟ ನೋಡಲು ಬಂದಿದ್ದರು. ನಾನು ಎಂದಿನಂತೆ ಸೋತೆ. ನೀವು ನನ್ನ ಭುಜದ ಮೇಲೆ ಕೈ ಇಟ್ಟು, “ನಮ್ಮೋಳು ಬಣ್ಣ ಭಾಳ ಚೆನ್ನಾಗಿ ಹಚ್ತಾಳೆ ಕಣ್ರೀ. ಬುದ್ಧಿ ಮಾತ್ರ ಪೂರ್ತಿ ಕಂಪನಿ ಕಡೇನೇ ಇದೆ” ಅಂದಿರಿ. ಎಲ್ಲರೂ ನಕ್ಕರು. ನಾನೂ ನಕ್ಕೆ, ಹೋಳಿಗೆ ಬಡಿಸಿದೆ. ಮಾರನೆಯ ವಾರ ಈ ಬಾಡಿಗೆ ಮನೆ ಹಿಡಿದೆ. ಆಗ ನನಗೂ ಸೌಮ್ಯಳ ಹಾಗೆಯೇ ಅನ್ನಿಸಿತ್ತು, ಒಂದು ಮಾತಿಗೆ ಬಿಟ್ಟು ಬಂದೆನಲ್ಲ ಎಂದು. ಈಗ ಅನ್ನಿಸುತ್ತಿಲ್ಲ. ಅದನ್ನು ಹೇಳಲಿಕ್ಕೇ ಈ ಕಾಗದ.

ಈ ಓಣಿಯಲ್ಲಿ ಯಾರಿಗೂ ನಮ್ಮ ಆಟ ಗೊತ್ತಿಲ್ಲ. ಪಕ್ಕದ ಮನೆಯ ಮಾದೇವಮ್ಮ ಒಂದು ದಿನ ಒಳಗೆ ಬಂದವರು ಟೇಬಲ್ ನೋಡಿ, “ದಸರಾ ಮುಗ್ದು ಎಷ್ಟು ದಿನ ಆಯ್ತು, ಇನ್ನೂ ಗೊಂಬೆ ಎತ್ತಿಟ್ಟಿಲ್ವಲ್ಲ ತಾಯಿ” ಅಂದರು. ಇವು ಸೀಸದ ಸಿಪಾಯಿಗಳು, ಟೇಪಿನಲ್ಲಿ ಅಳೆದು ನಡೆಸಬೇಕು, ದಾಳ ಹಾಕಿ ಗುಂಡು ಹೊಡೆಯಬೇಕು, ಹಿಂದೆ ಆಗಿಹೋದ ಯುದ್ಧವನ್ನು ಮತ್ತೆ ಆಡಿ ನೋಡುವುದು ಎಂದು ವಿವರಿಸಿದೆ. ಎಲ್ಲ ಕೇಳಿಸಿಕೊಂಡು, “ಆಗೋಗಿರೋದ್ನ ಮತ್ತೆ ಯಾಕವ್ವ ಆಡ್ತೀಯೆ?” ಅಂದರು. ಹಿಸ್ಟರಿ ಲೆಕ್ಚರರ್ ನೀವು, ಉತ್ತರ ನಿಮ್ಮ ಹತ್ತಿರ ಇರಬಹುದು.

ನಮ್ಮ ಆಟ ಶುರುವಾದದ್ದು ಹೇಗೆಂದು ನಿಮಗೂ ಗೊತ್ತು. ಆದರೂ ಬರೆಯುತ್ತೇನೆ, ನಿಮ್ಮ ನೆನಪಿನಲ್ಲಿ ಅದು ಬೇರೆ ಥರ ಇರಬಹುದು. ರೂಲ್ಸ್ ಪುಸ್ತಕಗಳೆಲ್ಲ ಇಂಗ್ಲಿಷಿನವು. ನಾನು ಕನ್ನಡ ಮೀಡಿಯಂ ಬಿ.ಎ., ಪ್ರೆಸ್ಸಿನಲ್ಲಿ ಮದುವೆ ಕರೆಯೋಲೆಗೆ ಪದ್ಯ ಹೊಸೆಯುವವಳು. “ಅದು ಒಂಥರಾ ಲಾಯರ್ ಇಂಗ್ಲಿಷ್ ಕಣೇ, ತಲೆ ಕೆಡಿಸ್ಕೋಬೇಡ, ನಾನ್ ಹೇಳ್ತೀನಿ” ಅಂದಿರಿ. ನೀವು ಓದಿ ಹೇಳಿದಿರಿ, ನಾನು ಮರೆಯಬಾರದೆಂದು ಒಂದೊಂದಕ್ಕೂ ಪ್ರಾಸ ಕಟ್ಟಿದೆ. ‘ಗದ್ದೆ ಬದುವು ದಾಟುವಾಗ, ಅರ್ಧವಾಗಲಿ ಕಾಲ ವೇಗ.’ ‘ಬಾಣ ಬಿಟ್ಟು ಬೆನ್ನು ತಿರುಗಿಸು, ತಪ್ಪಿದರೆ ನಿನ್ನವರ ಮೇಲೇ ಬಿರುಸು.’ ಬಾಣ ಎಂದರೆ ಮೈಸೂರಿನವರ ರಾಕೆಟ್. ನೀವು ನಗುತ್ತಿದ್ದಿರಿ. ಎಲ್ಲಕ್ಕಿಂತ ಹೆಚ್ಚು ಮೆಚ್ಚಿದ್ದು ಇದನ್ನು:

ನುಗ್ಗಿ ಹೋದ ಕುದುರೆ ನಿಲ್ಲಬೇಕು,
ಒಂದು ಸರದಿ ಹುಲ್ಲು ಮೆಲ್ಲಬೇಕು.

ಕುದುರೆ ಪಡೆ ಒಮ್ಮೆ ಶತ್ರುವಿನ ಮೇಲೆ ಬಿದ್ದರೆ ಮುಂದಿನ ಸರದಿಯಲ್ಲಿ ಕದಲುವಂತಿಲ್ಲ, ದಣಿವಾರಿಸಿಕೊಳ್ಳಬೇಕು ಎಂಬ ರೂಲ್ಸು. ನಿಮ್ಮ ಕಂಪನಿಯಲ್ಲಿ ಕಾಲಾಳು, ಫಿರಂಗಿ. ನನ್ನ ಮೈಸೂರಿನಲ್ಲಿ ಮುಕ್ಕಾಲು ಪಾಲು ಕುದುರೆ. ಪೊಳ್ಳಿಲೂರಿನ ನಿಜವಾದ ಯುದ್ಧದಲ್ಲಿ ಗೆದ್ದದ್ದು ಮೈಸೂರಿನವರು, ಕಂಪನಿ ಮಣ್ಣುಮುಕ್ಕಿತ್ತು. ನಮ್ಮ ಡೈನಿಂಗ್ ಟೇಬಲ್ಲಿನ ಪೊಳ್ಳಿಲೂರಿನಲ್ಲಿ ಮೈಸೂರು ಒಮ್ಮೆಯೂ ಗೆಲ್ಲಲಿಲ್ಲ. ನನ್ನ ಸವಾರರು ನುಗ್ಗುತ್ತಿದ್ದರು, ನಿಮ್ಮ ಸಾಲು ಒಡೆಯುತ್ತಿದ್ದರು, ಅಲ್ಲೇ ನಿಂತು ಹುಲ್ಲು ಮೇಯುತ್ತಿದ್ದರು. ನೀವು ನಿಧಾನಕ್ಕೆ ಫಿರಂಗಿ ತಿರುಗಿಸುತ್ತಿದ್ದಿರಿ.

ನಿಮಗೆ ಯಾವ ಪುಸ್ತಕವೂ ಬಹಳ ದಿನ ಹಿಡಿಸುತ್ತಿರಲಿಲ್ಲ. ಇಂಚಿನಲ್ಲಿ ಅಳೆಯುವುದು ಮುಗಿದ ಮೇಲೆ ಚೌಕ ಬರೆದ ಬಟ್ಟೆ ಬಂತು. ಅದು ಬೇಸರವಾಗಿ ಇಸ್ಪೀಟು ತಿರುವಿ ಸರದಿ ನೋಡುವುದು ಬಂತು. ಆಮೇಲೆ ಹತ್ತು ಮುಖದ ದಾಳ. ಪ್ರತಿ ಪುಸ್ತಕಕ್ಕೂ ಸಿಪಾಯಿ ನಿಲ್ಲುವ ತಳದ ಬಿಲ್ಲೆ, ಆ ಬೇಸಿನ ಅಳತೆ ಬೇರೆ. “ನಿನ್ನ ಕೈ ಸೂಕ್ಷ್ಮ ಕಣೇ” ಎಂದು ಹೇಳಿ ಎರಡೂ ಪಡೆಯ ಕೆಲಸ ನನಗೇ ಬಿಟ್ಟಿರಿ. ಬ್ಲೇಡಿನಲ್ಲಿ ಕಾಲು ಬಿಡಿಸುವುದು, ಮತ್ತೆ ಫೆವಿಕ್ವಿಕ್ ಹಾಕಿ ಅಂಟಿಸುವುದು. ಎಷ್ಟೋ ಜನರ ಪಾದ ಹಳೆಯ ಬೇಸಿನಲ್ಲೇ ಉಳಿದುಹೋಯಿತು. “ನಮ್ಮ ಜನ ಎರಡೂ ಕಡೆ ಕಾದಾಡಿ ಸತ್ರು, ಯಾವ ಪುಸ್ತಕದಲ್ಲೂ ಹೆಸರಿಲ್ಲ” ಎಂದು ನೀವು ವೇದಿಕೆಯಲ್ಲಿ ಹೇಳುತ್ತಿದ್ದಿರಲ್ಲ, ಆ ಮಾತಿಗೆ ಮನಸ್ಸು ತುಂಬಿ ಒಬ್ಬೊಬ್ಬರ ಬೇಸಿನ ಅಡಿ ನಮ್ಮ ಕೇರಿಯವರ ಹೆಸರು ಬರೆದಿದ್ದೆ. ಬೇಸು ಬದಲಾದಾಗ ಹೆಸರೂ ಕಸಕ್ಕೆ ಹೋಯಿತು. ಎರಡನೆಯ ಸಲ ಬರೆಯಲಿಲ್ಲ, ಒಂದನ್ನು ಬಿಟ್ಟು. ಕೆಂಪು ರುಮಾಲಿನ ಸವಾರ ಇದ್ದಾನಲ್ಲ, ಅವನು ನಮ್ಮಪ್ಪ ಸಣ್ಣಮಾದಯ್ಯ. ಪ್ರತಿ ಭಾನುವಾರ ಹುಲ್ಲು ಮೇಯುತ್ತಾ ಸಾಯುತ್ತಿದ್ದ.

ಪುಸ್ತಕ ಬೇರೆ, ದಾಳ ಬೇರೆ, ದಣಿಯುತ್ತಿದ್ದದ್ದು ಮಾತ್ರ ಅದೇ ಕುದುರೆ. ಅದು ನನಗೆ ವಿಚಿತ್ರ ಅನ್ನಿಸಲೇ ಇಲ್ಲ ನೋಡಿ. ಇಂಗ್ಲೆಂಡಿನವರಾಗಲಿ ಅಮೆರಿಕದವರಾಗಲಿ, ಯಾರು ಬರೆದರೇನು, ಕುದುರೆ ಎಂದ ಮೇಲೆ ದಣಿಯುತ್ತದೆ ಎಂದುಕೊಂಡಿದ್ದೆ.

ಈಗ ನಿಮಗೆ ಗೊತ್ತಿಲ್ಲದ ವಿಷಯಕ್ಕೆ ಬರುತ್ತೇನೆ. ಆ ಗೋಕುಲಂ ಕ್ಲಬ್ಬು ನನಗೂ ಗೊತ್ತು, ನಿಮಗಿಂತ ಮುಂಚಿನಿಂದ. ಅದನ್ನು ನಡೆಸುವ ಲಹರಿ ಎಂಬ ಹುಡುಗಿ ಕರಪತ್ರ ಮಾಡಿಸಲು ಪ್ರೆಸ್ಸಿಗೆ ಬಂದಿದ್ದಳು. ನನ್ನ ಮೇಜಿನ ಮೇಲೆ ಪೇಪರ್‌ವೇಟಾಗಿ ಕೂತಿದ್ದ ಸವಾರನನ್ನು ನೋಡಿ ಕಣ್ಣರಳಿಸಿ, “ಮೇಡಂ, ನೀವು ಆಡ್ತೀರಾ?” ಅಂದಳು. “ಸೋಲ್ತೀನಿ” ಅಂದೆ. “ಬನ್ನಿ, ಅಂಥೋರೇ ಬೇಕು” ಅಂದಳು.

ಹೋದೆ. ಕಾಫಿ ಅಂಗಡಿಯ ಮಹಡಿ, ಉದ್ದನೆಯ ಟೇಬಲ್. ಎದುರಿಗೆ ಯಶಸ್ ಅಂತ ಇಂಜಿನಿಯರಿಂಗ್ ಮುಗಿಸಿದ ಹುಡುಗ. ನನ್ನ ಕುದುರೆಗಳು ನುಗ್ಗಿದವು, ಅವನ ಸಾಲು ಒಡೆಯಿತು. ಮತ್ತೆ ನನ್ನ ಸರದಿ ಬಂತು. ನಾನು ಕೈ ಕಟ್ಟಿ ಕೂತೆ.

“ಮೇಡಂ, ಕುದುರೆ ನಡೆಸಿ” ಅಂದಳು ಲಹರಿ.

“ಇಲ್ಲಮ್ಮ, ಹುಲ್ಲು ಮೇಯ್ತಾ ಇದೆ.”

ಎಲ್ಲರೂ ಜೋರಾಗಿ ನಕ್ಕರು, ನಾನು ತಮಾಷೆ ಮಾಡಿದೆನೆಂದು. ನಾನು ಪ್ರಾಸ ಹೇಳಿದೆ. ಮತ್ತೂ ನಕ್ಕರು. “ಇದು ಯಾವ ಬುಕ್ಕಲ್ಲಿದೆ ಆಂಟಿ?” ಅಂದ ಯಶಸ್. “ಎಲ್ಲಾ ಬುಕ್ಕಲ್ಲೂ ಇದೆ ಕಣಪ್ಪ” ಅಂದೆ. ಅವರ ಕಪಾಟಿನಲ್ಲಿ ನೀವು ಆಡಿಸಿದ ಪುಸ್ತಕಗಳೆಲ್ಲ ಇದ್ದವು. ಒಂದೊಂದೇ ತೆಗೆದು ನೋಡಿದರು. ಒಂದರಲ್ಲಿ ದಣಿದ ಕುದುರೆಯ ವೇಗ ಅರ್ಧವಾಗುತ್ತದಂತೆ. ನಿಂತೇಬಿಡಬೇಕು ಎಂದು ಯಾವುದರಲ್ಲೂ ಇಲ್ಲ. ನಗು ಆಮೇಲಾಮೇಲೆ ಕಮ್ಮಿಯಾಯಿತು. ಲಹರಿ ಮೆಲ್ಲಗೆ, “ಯಾರು ಹೇಳ್ಕೊಟ್ರು ಮೇಡಂ?” ಅಂದಳು.

“ಮನೆಯವರು.”

ಯಶಸ್‌ಗೆ ಇನ್ನೂ ಚಿಕ್ಕ ವಯಸ್ಸು, ಬಾಯಿಗೆ ಬಂದದ್ದನ್ನು ಕೇಳಿಬಿಟ್ಟ. “ಹಾಗಾದ್ರೆ ಅಂಕಲ್ ಕಡೆ ಕುದುರೆನೇ ಇರ್ಲಿಲ್ವಾ?”

ಆಮೇಲೆ ಅವನೇ “ನಡೆಸಿ ಆಂಟಿ, ನಡೆಸಿ” ಎಂದು ಬೆನ್ನು ಹತ್ತಿ ಆಡಿಸಿದ. ಜೀವನದಲ್ಲಿ ಮೊದಲ ಸಲ ಗೆದ್ದೆ. ಅತ್ತರೆ ಆ ಮಕ್ಕಳು ಹೆದರಿಯಾರೆಂದು ಇನ್ನೊಂದು ಕಾಫಿ ಹೇಳಿದೆ.

ಇಷ್ಟಾದರೂ ನಾನು ನಿಮ್ಮನ್ನು ಬಿಟ್ಟುಕೊಡಲಿಲ್ಲ. ಆಟದಲ್ಲಿ ಸೋಲಲಾಗದ ಗಂಡಸು, ಅಷ್ಟೇ ತಾನೇ ಎಂದುಕೊಂಡೆ. ಸೌಮ್ಯ ಆಗ ಬಂದು ಕರೆದಿದ್ದರೆ ಬೈದುಕೊಂಡಾದರೂ ಬರುತ್ತಿದ್ದೆನೇನೋ. ಅವಳು ತಡ ಮಾಡಿದಳು. ಅವಳಿಗಿಂತ ಮೊದಲು ಭವ್ಯಶ್ರೀ ಬಂದಳು.

ಭವ್ಯಶ್ರೀ ನೆನಪಿದ್ದಾಳಾ? ಬಿ.ಎ.ಯಲ್ಲಿ ನನ್ನ ಪಕ್ಕದ ಬೆಂಚು, ನನಗಿಂತ ದೊಡ್ಡವಳು. ಗೃಹಪ್ರವೇಶದ ಕಾರ್ಡು ಮಾಡಿಸಲು ಬಂದಿದ್ದಳು. ಈಗ ಸರ್ಕಾರಿ ಕಚೇರಿಯಲ್ಲಿ ಕನ್ನಡ ಪ್ರೂಫ್ ನೋಡುವ ಕೆಲಸದಲ್ಲಿದ್ದಾಳೆ. ಯಾವ ಕೆಲಸ ಎಂದು ನಿಮಗೆ ಗೊತ್ತು. ಅದಕ್ಕೆ ಆಗ ಪೇಪರಿನಲ್ಲಿ ಬಂದಿದ್ದ ಇಂಗ್ಲಿಷ್ ಜಾಹೀರಾತನ್ನು ಕತ್ತರಿಸಿ ನಿಮ್ಮ ಕೈಗೆ ಕೊಟ್ಟಿದ್ದೆ. ನೀವು ಕನ್ನಡಕ ಹಾಕಿಕೊಂಡು ಪೂರ್ತಿ ಓದಿ, “ವಯಸ್ಸು ಮೀರಿದೆ ಕಣೇ” ಅಂದಿರಿ. ನನ್ನ ಮುಖ ನೋಡಲಾರದೆ ಸಂಜೆ ಸಿನಿಮಾಕ್ಕೆ ಕರೆದುಕೊಂಡು ಹೋದಿರಿ, ದಾರಿಯಲ್ಲಿ ಮಲ್ಲಿಗೆ ಕೊಡಿಸಿದಿರಿ.

“ನೀನ್ ಯಾಕೆ ಅರ್ಜಿ ಹಾಕ್ಲಿಲ್ವೇ ಆಗ?” ಅಂದಳು ಭವ್ಯಶ್ರೀ.

“ವಯಸ್ಸು ಮೀರಿತ್ತಲ್ಲೇ.”

“ನಂಗಿಂತ ಚಿಕ್ಕೋಳು, ನಿಂಗೆ ಎಂಗೆ ಮೀರುತ್ತೆ? ನಮ್ಮೋರ್ಗೆ ಐದು ವರ್ಷ ಸಡಿಲಿಕೆ ಇತ್ತಲ್ಲೇ ಧರಣಿ. ನಿನ್ ಗಂಡ ಊರ್ಗೆಲ್ಲ ಭಾಷಣ ಮಾಡ್ತಾರೆ, ಮನೇಲಿ ಹೇಳ್ಲಿಲ್ವಾ?”

ಅವಳ ಕಾರ್ಡಿಗೆ ನಾಲ್ಕು ಸಾಲು ಪದ್ಯ ಕೇಳಿದಳು. ಬಾಗಿಲಿಗೆ, ತೋರಣಕ್ಕೆ ಎಂದು ಪ್ರಾಸ ಹುಡುಕುತ್ತಾ ಕೂತೆ. ಜೀವಮಾನದಲ್ಲಿ ಅಂದು ಒಂದು ದಿನ ನನಗೆ ಪ್ರಾಸ ಸಿಗಲಿಲ್ಲ.

ಮೀಸಲಾತಿಯ ಮೇಲೆ ಗಂಟೆಗಟ್ಟಲೆ ಮಾತಾಡುವ ನಿಮಗೆ, ಪ್ರತಿ ವರ್ಷ ನಿಮ್ಮ ವಿದ್ಯಾರ್ಥಿಗಳನ್ನು ಮನೆಗೆ ಕರೆದು ಅರ್ಜಿ ತುಂಬಿಸಿಕೊಡುವ ನಿಮಗೆ, ಆ ಐದು ವರ್ಷ ಕಾಣಲಿಲ್ಲ ಎಂದರೆ ನಂಬಲು ನನಗೂ ಆಸೆಯೇ. ಮರೆತಿರಿ ಎಂದುಕೊಳ್ಳಲು ನೋಡಿದೆ. ಮರೆತವರು ಮಲ್ಲಿಗೆ ತರುವುದಿಲ್ಲ. ಸುಳ್ಳು ಹೇಳಿದ್ದನ್ನಾದರೂ ಒಂದು ದಿನ ಮರೆತೇನು, ಆ ಸಂಜೆ ನನ್ನ ಕೈ ಹಿಡಿದು ಸಮಾಧಾನ ಮಾಡಿದಿರಲ್ಲ, ಅದನ್ನು ಎಲ್ಲಿ ಇಟ್ಟುಕೊಳ್ಳಲಿ?

ನೀವು ಯಾಕೆ ಹಾಗೆ ಮಾಡಿದಿರಿ ಎಂದು ಕೇಳುತ್ತಿಲ್ಲ. ಕೇಳಿದರೆ ಉತ್ತರಕ್ಕೂ ಒಂದು ಪುಸ್ತಕ ತಂದು ತೋರಿಸುತ್ತೀರಿ. ನಿಮ್ಮ ಹೊಸ ರೂಲ್ಸ್ ಕೂಡ ನೀವೇ ಓದಿ ಹೇಳುವಂಥದ್ದು ತಾನೇ? ಅದು ಬೇಡ.

ಭಾನುವಾರ ಬರುತ್ತೇನೆ. ಸೈನ್ಯವನ್ನೂ ತರುತ್ತೇನೆ. ಅದು ನನ್ನದು, ವಾಪಸ್ಸೂ ನನ್ನ ಜೊತೆಗೇ ಹೋಗುತ್ತದೆ. ಲಹರಿ ಅಂಪೈರ್ ಆಗಿರುತ್ತಾಳೆ. ಅವಳು ಆರಿಸಿದ ಪುಸ್ತಕವನ್ನು ಡಿಕ್ಷನರಿ ಇಟ್ಟುಕೊಂಡು ನಾನೇ ಕನ್ನಡಕ್ಕೆ ಮಾಡಿದ್ದೇನೆ, ಆಟಕ್ಕೆ ಮುಂಚೆ ಅವಳು ಅದನ್ನು ಎಲ್ಲರೆದುರು ಗಟ್ಟಿಯಾಗಿ ಓದುತ್ತಾಳೆ. ನಿಮ್ಮ ಹೆಂಡತಿ ನಾನೆಂದು ಅವರಿಗೆ ಹೇಳಿಲ್ಲ. ಹೇಳುವುದೂ ಬಿಡುವುದೂ ನಿಮಗೆ ಬಿಟ್ಟದ್ದು. ಹೇಳಿದರೆ ಯಶಸ್ ಕುದುರೆಯ ವಿಷಯ ಕೇಳಿಯೇ ಕೇಳುತ್ತಾನೆ, ಉತ್ತರ ಸಿದ್ಧ ಇಟ್ಟುಕೊಳ್ಳಿ. ಆಟ ಮುಗಿದ ಮೇಲೆ ನೀವು ಲಕ್ಷ್ಮೀಪುರಂಗೆ, ನಾನು ರಾಮಕೃಷ್ಣನಗರಕ್ಕೆ. ಸ್ಕೂಟರಿನ ಹಿಂದಿನ ಸೀಟಿಗೆ ನನ್ನನ್ನು ಕಾಯಬೇಡಿ.

ಸೌಮ್ಯಳ ಮೇಲೆ ಸಿಟ್ಟು ಮಾಡಿಕೊಳ್ಳಬೇಡಿ. ಅವಳು ತಂದ ಮಾತನ್ನು ಚೆನ್ನಾಗಿಯೇ ತಂದಳು.

ಹೇಳಬೇಕಾದ್ದು ಮುಗಿಯಿತು,
ಸಣ್ಣಮಾದಯ್ಯನವರ ಮಗಳು
ಧರಣಿ

ಮಡಿಸುವ ಮುಂಚೆ ಇನ್ನೊಂದು: ಇದನ್ನು ಯಾರಿಗೂ ಹೇಳಿಲ್ಲ. ಭಾನುವಾರಕ್ಕೆ ಅಭ್ಯಾಸವಾಗಲಿ ಎಂದು ಈ ವಾರ ಪ್ರೆಸ್ಸಿನಿಂದ ಬಂದ ಮೇಲೆ ಒಬ್ಬಳೇ ಆಡುತ್ತಿದ್ದೇನೆ. ಕಂಪನಿಯ ಪಡೆ ಇಲ್ಲವಲ್ಲ, ಆ ಕಡೆ ಹುಣಸೆ ಬೀಜ ಜೋಡಿಸುತ್ತೇನೆ. ನಾನೇ ಬರೆದ ಕನ್ನಡದ ರೂಲ್ಸ್ ಪಕ್ಕದಲ್ಲೇ ಇರುತ್ತದೆ. ಕುದುರೆ ನುಗ್ಗುತ್ತದೆ, ಬೀಜದ ಸಾಲು ಒಡೆಯುತ್ತದೆ, ಮತ್ತೆ ಕುದುರೆಯ ಸರದಿ ಬರುತ್ತದೆ. ಕೈ ಮುಂದಕ್ಕೆ ಹೋಗುವುದಿಲ್ಲ. ಯಾರೂ ಇಲ್ಲದ ಮನೆಯಲ್ಲಿ, ಸುಳ್ಳೆಂದು ಗೊತ್ತಿದ್ದೂ, ಒಂದು ಸರದಿ ಸುಮ್ಮನೆ ಕೂರುತ್ತೇನೆ. ನಿನ್ನೆಯೂ ಹುಣಸೆ ಬೀಜಗಳೇ ಗೆದ್ದವು.