ಗಂಡುಪುಡಿ ಮತ್ತು ನನ್ನ ಮೈಕ್ರೋಸ್ಕೋಪ್

ಸೆಪ್ಟೆಂಬರ್ 19, ಮಧ್ಯಾಹ್ನ

ಇವತ್ತೂ ಬೆಳಿಗ್ಗೆಯಿಂದ ಗಂಡು ಹೂವು ಬಿಡಿಸಿದ್ದೇ ಬಿಡಿಸಿದ್ದು. ಬೆರಳು ಹಸಿರು, ಉಗುರು ಕಪ್ಪು. ನಿಂಬೆಹಣ್ಣು ತಿಕ್ಕಿದರೂ ಹೋಗಲಿಲ್ಲ. ಮದುವೆಯ ಮೆಹಂದಿ ಮಾಸುವುದಕ್ಕೂ ಟೊಮೆಟೊ ಗಿಡದ ಕಲೆ ಹತ್ತುವುದಕ್ಕೂ ಸರಿಹೋಯಿತು.

ಮಂಗಳೂರಿಗೆ ಕೊಟ್ಟಿದ್ದಾರೆ ಎಂದು ಕಾಲೇಜ್ ಗ್ರೂಪಿನಲ್ಲಿ ಹಾಕಿದ್ದೇ ತಪ್ಪಾಯಿತು. ದಿನಕ್ಕೊಬ್ಬಳು ಬೀಚ್ ಫೋಟೋ ಕೇಳುತ್ತಾಳೆ. ಇದು ಯಲಬುರ್ಗಾ ಕಡೆಯ ಮಂಗಳೂರು, ಇಲ್ಲಿ ಸಮುದ್ರ ಇಲ್ಲ, ಗೌರೀಶ ಇದ್ದಾನೆ! (ಎದುರಿಗೆ ಬರೀ "ರೀ". ಇಲ್ಲಿ ಮಾತ್ರ ಗೌರೀಶ, ಗೌರೀಶ, ಗೌರೀಶ.)

ನಮ್ಮದು ಟೊಮೆಟೊ ಬೀಜದ ಹೊಲ. ಪರದೆಯ ಮನೆಯೊಳಗೆ ಒಂದು ಬದಿ ಗಂಡು ಗಿಡ, ಉಳಿದದ್ದೆಲ್ಲ ಹೆಣ್ಣು ಗಿಡ. ಗಂಡು ಹೂವಿನ ಪುಡಿ, ಅಂದರೆ ಪರಾಗ, ತೆಗೆದು, ಬಲ್ಬಿನ ಕೆಳಗೆ ಒಣಗಿಸಿ, ಜರಡಿ ಹಿಡಿದು ಸಣ್ಣ ಸ್ಟೀಲ್ ಡಬ್ಬಿಗೆ ತುಂಬುತ್ತೇವೆ. ಮರುದಿನ ಹೆಂಗಸರು ಅದನ್ನು, ಮೊಗ್ಗಿನಲ್ಲೇ ಗಂಡು ಭಾಗ ಕಿತ್ತ ಒಂದೊಂದು ಹೆಣ್ಣು ಹೂವಿಗೂ ಮುಟ್ಟಿಸುತ್ತಾರೆ. ಕ್ರಾಸಿಂಗ್ ಎಂದರೆ ಇಷ್ಟೇ. ಬಿ.ಎಸ್ಸಿ.ಯಲ್ಲಿ ಅರ್ಧ ಪುಟ ಓದಿ ಮುಗಿಸಿದ್ದೆ. ಇಲ್ಲಿ ಇಡೀ ಊರೇ ಅದರ ಮೇಲೆ ನಿಂತಿದೆ.

ಅತ್ತೆ ಪಾರ್ವತೆಮ್ಮ ಈ ಹೊಲದ ರಾಣಿ. ಡಬ್ಬಿಯನ್ನು ಯಾರ ಕೈಗೂ ಕೊಡುವುದಿಲ್ಲ, ಮಗನ ಕೈಗೂ ಇಲ್ಲ.

ಸೆಪ್ಟೆಂಬರ್ 22

ನನ್ನ ಕೈಗೆ ಕೊಟ್ಟರು!!!

ಇವತ್ತು ಘಟ ಹಾಕಿದರು. ದೇವರ ಗೂಡಿನಲ್ಲಿ ಮಣ್ಣು ಹರವಿ, ಕಾಳು ಬಿತ್ತಿ, ಮೇಲೆ ಕೊಡ. ಪಕ್ಕದಲ್ಲಿ ದೀಪ. ದಸರೆಯವರೆಗೆ ಹಗಲೂ ರಾತ್ರಿ ಆರಬಾರದು. ಎಣ್ಣೆ ಹಾಕುವ ಪಾಳಿ ನನ್ನದು, ಹೊಸ ಸೊಸೆ ಅಲ್ಲವೇ. ಆರತಿ ಮುಗಿದ ಮೇಲೆ ಅತ್ತೆ ಡಬ್ಬಿಯನ್ನು ನನ್ನ ಅಂಗೈಯಲ್ಲಿಟ್ಟು, "ಇನ್ನ ಇದು ನಿಂದವ್ವಾ. ರಾತ್ರಿ ದೇವಿ ಮುಂದ ಇಡು, ಮುಂಜಾನೆ ಹೊಲಕ್ಕ ನೀನ ತುಗೊಂಡು ಬಾ" ಅಂದರು. ಅಳು ಬಂತು. ಗೌರೀಶ ಬಾಗಿಲಲ್ಲಿ ನಿಂತು ಹುಬ್ಬು ಹಾರಿಸುತ್ತಿದ್ದ. ಅದಕ್ಕೆ ನಗುವೂ ಬಂತು.

ಕೆಳಗೆ ಕಾಳಿಗೆ ಇರುವೆ ಹತ್ತಿತ್ತು. ಹಾಗಾಗಿ ಡಬ್ಬಿಯನ್ನು ಗೂಡಿನ ಮೇಲಿನ ಹಲಗೆಯ ಮೇಲೆ ಇಟ್ಟೆ. ದೀಪದ ಬೆಳಕಿಗೆ ಎಷ್ಟು ಚೆನ್ನಾಗಿ ಹೊಳೆಯುತ್ತದೆ! ಸ್ಟೇಟಸ್ ಹಾಕಿದೆ.

ಸೆಪ್ಟೆಂಬರ್ 23

ಡಬ್ಬಿ ಹಿಡಿದುಕೊಂಡು ಮುಂದೆ ನಾನು, ಹಿಂದೆ ಕ್ರಾಸಿಂಗ್ ಹೆಂಗಸರು. ಪ್ರಿನ್ಸಿಪಾಲ್ ಆದ ಹಾಗೆ.

ಸೆಪ್ಟೆಂಬರ್ 28

ಹೂವು ಉದುರುತ್ತಿವೆ. ಕ್ರಾಸ್ ಮಾಡಿದವೇ. ಗುರುತಿಗೆ ತೊಟ್ಟಿನ ಎಸಳು ಕತ್ತರಿಸಿರುತ್ತಾರಲ್ಲ, ಅವು ಸಾಲುಸಾಲಾಗಿ ನೆಲದ ಮೇಲೆ. ಘಟ ಹಾಕುವ ಮೊದಲು ಮಾಡಿದವು ಕಾಯಿ ಕಚ್ಚಿವೆ. ಆಮೇಲೆ ಮಾಡಿದ್ದು ಒಂದೂ ನಿಂತಿಲ್ಲ.

ಔಷಧಿ ಹೆಚ್ಚಾಯಿತೋ, ನೀರು ಹೆಚ್ಚಾಯಿತೋ... ಗೌರೀಶ ಊಟಕ್ಕೆ ಕೂತರೂ ಮಾತಿಲ್ಲ. ನಾನು ಹಾಡಿದರೂ ಇಲ್ಲ. ನಾನು ಹಾಡಿದರೆ ಯಾವಾಗಲೂ ಏನಾದರೂ ಅನ್ನುತ್ತಾನೆ.

ಸೆಪ್ಟೆಂಬರ್ 29

ಕೇಳಿಸಿಕೊಂಡುಬಿಟ್ಟೆ. ಗಂಡು ಗಿಡದ ಮರೆಯಲ್ಲಿದ್ದೆ. ಕ್ರಾಸಿಂಗ್ ಹೆಂಗಸರಲ್ಲಿ ಹಿರಿಯಳು ಯಂಕವ್ವ, ಅತ್ತೆಯ ಎದುರು ನಿಂತಿದ್ದಳು. ಇಪ್ಪತ್ತು ವರ್ಷದಿಂದ ಅತ್ತೆಯ ಜೊತೆ ಇದ್ದಾಳೆ.

"ಸಿಟ್ಟ ಮಾಡ್ಕೋಬ್ಯಾಡ ಯಕ್ಕಾ. ಯಾವತ್ತ ಡಬ್ಬಿ ಆ ಹುಡುಗಿ ಕೈಗೆ ಹೋತು, ಆವತ್ತಿಂದ ಹೂವು ನಿಂದ್ರವಲ್ಲು. ಕೈಗುಣ ಅಂತ ಒಂದ ಇರತೈತಿ."

"ಸುಮ್ನಿರಬೇ."

"ನಾ ಸುಮ್ನಿರತೀನಿ. ಹೂವು ಸುಮ್ನಿರತಾವೇನು?"

ಸಂಜೆ ಅತ್ತೆ ನನ್ನ ಜಡೆ ಹಾಕುತ್ತಾ ಅಂದರು: "ಗಂಗಾವತಿಗೆ, ತವರಮನಿಗೆ ಹೋಗಿ ಬಾರವ್ವಾ. ಹೆಂಗೂ ಮೊದಲನೇ ದೀಪಾವಳಿಗೆ ಹೋಗಾಕ್ಯಾ ಇದ್ದಿ. ಕ್ರಾಸಿಂಗ್ ಮುಗಿಯೂತನಕ ಅಲ್ಲೇ ಇರು."

ಪ್ರೀತಿಯಿಂದಲೇ ಅಂದರು. ಅದಕ್ಕೇ ಇನ್ನೂ ನೋವು. ಕ್ರಾಸಿಂಗ್ ಇನ್ನು ನಾಲ್ಕು ವಾರ ನಡೆಯುತ್ತದೆ, ಅಷ್ಟರಲ್ಲಿ ಹೂವು ನಿಲ್ಲದಿದ್ದರೆ ಈ ವರ್ಷದ ಬೀಜವೇ ಇಲ್ಲ. ಮತ್ತು ನಾನು, ಹೊಲ ಕೆಡಿಸಿದ ಸೊಸೆ.

ನಾನೂ ಒಂದು ಕ್ಷಣ ನನ್ನ ಕೈ ನೋಡಿಕೊಂಡೆ. ಇಂಗ್ಲಿಷ್ ಮೀಡಿಯಂ, ಬಾಟನಿಯಲ್ಲಿ ಡಿಸ್ಟಿಂಕ್ಷನ್... ಆದರೂ ನೋಡಿಕೊಂಡೆ.

ಸೆಪ್ಟೆಂಬರ್ 30

ಮೆಹಜಬೀನ ಮೇಡಂಗೆ ಫೋನ್ ಮಾಡಿದೆ. ಗಂಗಾವತಿ ಕಾಲೇಜಿನಲ್ಲಿ ನನಗೆ ಬಾಟನಿ ಕಲಿಸಿದವರು. ಮದುವೆಗೆ ಎಲ್ಲರೂ ಗೋಡೆ ಗಡಿಯಾರ, ಹಾಟ್‌ಬಾಕ್ಸ್ ಕೊಟ್ಟರೆ ಮೇಡಂ ತಮ್ಮ ಸ್ವಂತ ಹಳೇ ಮೈಕ್ರೋಸ್ಕೋಪ್ ಕೊಟ್ಟಿದ್ದರು. ಇಲ್ಲಿ ಅದನ್ನು ಹೊಲಿಗೆ ಮಷೀನ್ ಅಂದುಕೊಂಡು ಅಟ್ಟಕ್ಕೆ ಹಾಕಿದ್ದಾರೆ. ನಾನೂ ನಾಚಿ ಸುಮ್ಮನಿದ್ದೆ.

"ಅರೇ ಪಾಗಲ್, ಅಳಾದು ಯಾಕ? ಪುಡಿ ಜೀವಂತ ಐತೋ ಸತ್ತೈತೋ ನೋಡು. ಮೈಕ್ರೋಸ್ಕೋಪ್ ಡಬ್ಬಾದಾಗ ಕೆಂಪು ಬಣ್ಣದ ಬಾಟ್ಲಿ ಇಟ್ಟೀನಿ. ಒಂದು ತೊಟ್ಟು ಹಾಕು. ಜೀವ ಇದ್ದದ್ದು ಕೆಂಪಗಾಗ್ತದ, ಸತ್ತದ್ದು ಬಿಳಚಿಕೊಂಡಿರ್ತದ. ಹೂವಿಂದ ಸೀದಾ ತಗದದ್ದನ್ನೂ ಬಾಜೂಕ ಇಟ್ಟು ನೋಡು, ಫರಕ್ ತಿಳೀತದ."

ಅಟ್ಟದಿಂದ ಇಳಿಸಿದೆವು. ಗೌರೀಶ ಏಣಿಯ ಮೇಲೆ, ನಾನು ಕೆಳಗೆ. "ಒಂದು ಕೈ ತೋಳಿಗೆ, ಒಂದು ಕೈ ತಳಕ್ಕೆ ಹಿಡಿರಿ!" ಅಂದೆ. "ಯಾರ ತೋಳಿಗೆ?" ಅಂದ. ಅಯ್ಯೋ ಇವನ! ಇಷ್ಟು ದಿನದ ಮೇಲೆ ಒಂದು ತಮಾಷೆ.

ಪಡಸಾಲೆಯ ಕಿಟಕಿಯ ಬಳಿ ಮೇಜಿನ ಮೇಲೆ ಇಟ್ಟೆವು. ಕರೆಂಟ್ ಬೇಕಿಲ್ಲ, ಕೆಳಗೆ ಕನ್ನಡಿ ಇದೆ. ಬಿಸಿಲು ನೇರವಾಗಿ ಬೀಳಬಾರದು, ಕಣ್ಣಿಗೆ ಅಪಾಯ. ಬರೀ ಆಕಾಶದ ಬೆಳಕು ಸಾಕು. ಮೇಲೆ ಕಣ್ಣಿನ ಮಸೂರ ಕೂರಿಸಿದೆ. ಕೆಳಗಿನ ಮೂರು ಮಸೂರ ತಿರುಗಿಸಿದೆ, ಸರಿಯಾದ ಜಾಗಕ್ಕೆ ಬಂದಾಗ ಕಟ್ ಎನ್ನುತ್ತದೆ. ಆ ಸದ್ದು! ಕಾಲೇಜೇ ನೆನಪಾಯಿತು. ಕನ್ನಡಿ ಹೊರಳಿಸುತ್ತಾ ಹೊರಳಿಸುತ್ತಾ ಒಳಗೆಲ್ಲ ಬೆಳ್ಳಗೆ, ದುಂಡಗೆ, ಹುಣ್ಣಿಮೆ.

ಗೌರೀಶ ಬಗ್ಗಿ ನೋಡಿದ. "ಏನೂ ಇಲ್ಲಲ್ಲ ಮಾರಾಯ್ತಿ, ಬರೇ ಬೆಳಕೈತಿ."

"ಅದೇ ಬೇಕಾಗಿತ್ರೀ!"

ಈಗಲೇ ಪುಡಿ ನೋಡಿಬಿಡೋಣ ಎಂದರೆ ಅತ್ತೆ ಬಿಡಲಿಲ್ಲ. ನಾಳೆ ಮಾನವಮಿ, ಆಯುಧ ಪೂಜೆ. ಪೂಜೆಯಾಗದೆ ಹೊಸ ಸಾಮಾನು ಬಳಸುವಂತಿಲ್ಲ, ಪೂಜೆಗೆ ಇಟ್ಟ ಮೇಲೆ ಅವತ್ತು ಎತ್ತುವಂತಿಲ್ಲ. ನಾಡಿದ್ದೇ.

ನಾನು ಗಂಗಾವತಿಗೆ ಹೊರಡುವುದು ಮೂರನೇ ತಾರೀಕು.

ಅಕ್ಟೋಬರ್ 1

ಟ್ರ್ಯಾಕ್ಟರ್, ಔಷಧಿ ಹೊಡೆಯುವ ಪಂಪು, ಕುಡಗೋಲು, ಕ್ರಾಸಿಂಗ್ ಚಿಮಟ, ಗೌರೀಶನ ಬೈಕು, ಕೊನೆಗೆ ನನ್ನ ಮೈಕ್ರೋಸ್ಕೋಪ್. ಎಲ್ಲಕ್ಕೂ ಚೆಂಡು ಹೂವಿನ ಮಾಲೆ. ಅದಕ್ಕೆ ಎಲ್ಲಕ್ಕಿಂತ ದೊಡ್ಡದು. ಅತ್ತೆಯೇ ಹಾಕಿದರು. ಮುದ್ದಾಗಿತ್ತು, ಮದುಮಗನ ಹಾಗೆ.

ಅಕ್ಟೋಬರ್ 2, ಬೆಳಿಗ್ಗೆ

ನಡೆದದ್ದನ್ನೆಲ್ಲ ಕ್ರಮವಾಗಿ ಬರೆಯುತ್ತೇನೆ.

ಡಬ್ಬಿಯ ಪುಡಿ ಚಿಟಿಕೆ, ಮೇಲೆ ಕೆಂಪು ತೊಟ್ಟು, ಐದು ನಿಮಿಷ ಬಿಟ್ಟು ತೆಳು ಗಾಜು. ಗಾಜನ್ನು ಓರೆಯಾಗಿ ಇಳಿಸಬೇಕು. ಅವಸರದಲ್ಲಿ ದಪ್ಪನೆ ಬಿಟ್ಟೆ. ಮೊದಲು ಸಣ್ಣ ಮಸೂರ. ಕಪ್ಪು ಅಂಚಿನ ಗುಂಡನೆಯದೊಂದು ಕಂಡಿತು. "ಸಿಕ್ತು!" ಅಂದ ಗೌರೀಶ. ಗಾಳಿಯ ಗುಳ್ಳೆ. ಮತ್ತೊಂದು ಸ್ಲೈಡ್. ಈ ಸಲ ಓರೆಯಾಗಿ, ಉಸಿರು ಬಿಗಿಹಿಡಿದು. ಸಣ್ಣದರಲ್ಲಿ ಹುಡುಕಿ, ಮಧ್ಯಮ, ಆಮೇಲೆ ದೊಡ್ಡದು, ಸಣ್ಣ ತಿರುಪು ಮಾತ್ರ ತಿರುಗಿಸಿ (ದಪ್ಪ ತಿರುಪು ಮುಟ್ಟಿದರೆ ಮಸೂರ ಗಾಜಿಗೆ ಬಡಿಯುತ್ತದೆ)...

ಕೆಂಪು! ಎಲ್ಲಾ ಕೆಂಪು!

"ಜೀವ ಐತ್ರೀ! ಎಲ್ಲಾ ಕೆಂಪಗದಾವ!" ಎಂದು ಕುಣಿದೇಬಿಟ್ಟೆ. ಗೌರೀಶ ನನ್ನನ್ನು ಎತ್ತಿ ತಿರುಗಿಸಿದ, ಅತ್ತೆಯ ಎದುರಿಗೇ! ಅತ್ತೆ ಗೋಡೆಯ ಕಡೆ ತಿರುಗಿ, "ಹುಚ್ಚ ಅದಾವ ಎರಡೂ" ಎಂದು ನಕ್ಕರು.

ಆಮೇಲೆ ಇನ್ನೊಮ್ಮೆ ನೋಡಿದೆ. ಪುಡಿಯ ಕಾಳಷ್ಟೇ ಅಲ್ಲ, ಖಾಲಿ ಜಾಗವೂ ಕೆಂಪು. ಸ್ಲೈಡ್ ಸರಿಸಿದೆ, ಕೆಂಪು ಸರಿಯಲಿಲ್ಲ. ಕಣ್ಣಿನ ಮಸೂರ ತಿರುಗಿಸಿದೆ, ಕೆಂಪೂ ಜೊತೆಗೇ ತಿರುಗಿತು.

"ಅತ್ತೀ... ನಿನ್ನೆ ಇದಕ್ಕ ಕುಂಕುಮ ಎಲ್ಲಿ ಹಚ್ಚೀರಿ?"

"ಮತ್ತೆಲ್ಲಿ? ಕಣ್ಣಿಗೆ. ಅದರ ಜೀವಾ ಎಲ್ಲಾ ಕಣ್ಣಾಗ ಐತಿ ಅಂದಿದ್ದಿ."

ಅಂದಿದ್ದೆ. ನಾನೇ ಅಂದಿದ್ದೆ! ಗೌರೀಶ ನಕ್ಕು ನಕ್ಕು ಕಟ್ಟೆಯ ಮೇಲೆ ಕುಸಿದ. ಮೆತ್ತನೆ ಅರಿವೆಯಿಂದ ಒರೆಸಿದೆ. ಮತ್ತೆ ನೋಡಿದೆ. ನಗು ನಿಂತಿತು.

ಬಿಳಚಿಕೊಂಡ, ಸುಕ್ಕುಗಟ್ಟಿದ ಕಾಳು. ಒಂದೂ ಕೆಂಪಿಲ್ಲ.

ಗೌರೀಶ ಓಡಿ ಹೋಗಿ ಗಂಡು ಹೂವು ತಂದ. ಹೂವಿನಿಂದ ನೇರ ಉದುರಿಸಿ, ಅದೇ ತೊಟ್ಟು, ಅದೇ ಗಾಜು. ದಾಳಿಂಬೆ ಬಿಚ್ಚಿಟ್ಟ ಹಾಗೆ! ತುಂಬಿಕೊಂಡ, ಕೆಂಪಗಿನ, ದುಂಡು ದುಂಡು ಕಾಳು. ಗಿಡ ಸರಿ ಇದೆ, ಹೂವು ಸರಿ ಇದೆ. ಬಲ್ಬಿನ ಕೆಳಗೆ ಒಣಗಿದ್ದನ್ನೂ ನೋಡಿದೆ, ಅದೂ ಕೆಂಪು. ಡಬ್ಬಿಗೆ ಹೋದದ್ದು ಮಾತ್ರ ಸತ್ತಿದೆ.

ಚಿಟಿಕೆ ತೆಗೆದು ಡಬ್ಬಿಯನ್ನು ಮತ್ತೆ ಗೂಡಿನ ಹಲಗೆಯ ಮೇಲೇ ಇಟ್ಟಿದ್ದೆ. ಈ ಸಲ ಬರಿಗೈಯಲ್ಲಿ ಎತ್ತಲು ಹೋದರೆ ಬೆರಳು ಚುರ್ ಎಂದಿತು. ತಳಕ್ಕೆ ಮಸಿ. ಕೆಳಗೇ ದೀಪ. ಇಷ್ಟು ದಿನ ರಾತ್ರಿಯಿಡೀ ಪುಡಿಯನ್ನು ಹುರಿದಿದ್ದೇನೆ. ಬೆಳಿಗ್ಗೆ ಸೆರಗಿನಲ್ಲಿ ಸುತ್ತಿ ಎತ್ತುತ್ತಿದ್ದೆ, ಮಡಿಯ ಸಾಮಾನು ಎಂದು. ಬಿಸಿ ಹತ್ತಲೇ ಇಲ್ಲ.

ಕೈಗುಣವೇ ಸರಿ. ಯಂಕವ್ವ ಸುಳ್ಳು ಹೇಳಿಲ್ಲ!

ಈಗ ಅತ್ತೆಗೆ ಹೇಗೆ ಹೇಳುವುದು? ದೇವಿಯ ದೀಪದಿಂದ ಹೊಲ ಕೆಟ್ಟಿತು ಎನ್ನಲೇ? ಹೊಸ ಸೊಸೆ, ದಸರೆಯ ದಿನ?

ಅದೇ ದಿನ, ಸಂಜೆ

ಹೇಳಿದೆ. ಇರುವೆ, ಹಲಗೆ, ಸ್ಟೇಟಸ್ ಫೋಟೋ, ಎಲ್ಲಾ. ಅತ್ತೆ ಎರಡೂ ಸ್ಲೈಡ್ ನೋಡಿದರು. ಮೊದಲು ಎರಡೂ ಕಣ್ಣು ಮುಚ್ಚಿ ನೋಡುತ್ತಿದ್ದರು, ಒಂದು ತೆರೆಯಿರಿ ಎಂದು ನಾನು ಕಲಿಸಬೇಕಾಯಿತು. ಕೆಂಪು ಕಂಡಾಗ "ಯವ್ವಾ" ಅಂದರು. ಬಿಳಿ ಕಂಡಾಗ ಗೂಡಿನ ಕಡೆ ತಿರುಗಿ ದೀಪ ನೋಡಿದರು.

"ಬಲ್ಬಿನ ಶಾಖಕ್ಕ ಒಣಗಸ್ತೀವಲ್ಲ, ಅದಕ್ಕ ಸಾಯೂದಿಲ್ಲೇನು?"

"ಬಲ್ಬು ದೂರ ಇರ್ತೈತ್ರಿ. ಇದು ದೀಪದ ನೆತ್ತಿ ಮ್ಯಾಲೆ."

ಅತ್ತೆ ಡಬ್ಬಿಯ ತಳದ ಮಸಿಯನ್ನು ಸೆರಗಿನಿಂದ ತಿಕ್ಕಿದರು. ನನ್ನ ಬ್ಯಾಗು ಬಾಗಿಲ ಪಕ್ಕದಲ್ಲೇ ಇತ್ತು, ಅರ್ಧ ತುಂಬಿ. ನಾನು, "ದೇವಿದೇನೂ ತಪ್ಪಿಲ್ರಿ ಅತ್ತೀ..." ಎಂದೆ.

"ದೇವಿ ಪುಡಿ ಹುರಿದು ಕೊಡ್ರಿ ಅಂತ ಕೇಳಿದ್ಲೇನು? ನಾವಾ ಇಟ್ಟೇವಿ, ನಾವಾ ತಗೀತೀವಿ" ಎಂದು ಎದ್ದರು.

ದೀಪ ಹಚ್ಚುವ ಹೊತ್ತಿಗೆ ಯಂಕವ್ವ ಬನ್ನಿ ಕೊಡಲು ಬಂದಳು. ಬನ್ನಿ ಎಲೆ ಕೈಯಲ್ಲಿ ಹಿಡಿದೇ ನನ್ನನ್ನು ನೋಡಿ ತಡವರಿಸಿದಳು. ಅತ್ತೆ ಅವಳಿಗೆ ಬನ್ನಿ ಕೊಟ್ಟು, ತಲೆ ಮುಟ್ಟಿ, ಅಂದರು:

"ಯಂಕವ್ವಾ, ಹುಡುಗಿ ಕೈಗುಣ ಅಲ್ಲ. ಡಬ್ಬಿ ದೀಪದ ಮ್ಯಾಲೆ ಇಡಿಸಿದಾಕಿ ನಾ. ನನ್ನ ತಲೀಗುಣ ಅನ್ನು ಬೇಕಾದ್ರ."

ಹಲಗೆಯ ಮೇಲಿಟ್ಟವಳು ನಾನು! ಬಾಯಿ ತೆರೆದೆ. ಅತ್ತೆ ನನ್ನ ಕಾಲು ತುಳಿದರು. ಗಟ್ಟಿಯಾಗಿ.

ಬ್ಯಾಗಿನಿಂದ ಸೀರೆಗಳನ್ನು ತೆಗೆದು ಮತ್ತೆ ಕಪಾಟಿಗೆ ಇಟ್ಟದ್ದು ಗೌರೀಶ. ಒಂದೂ ಸರಿಯಾಗಿ ಮಡಚಿಲ್ಲ.

ಅಕ್ಟೋಬರ್ 3

ಡಬ್ಬಿ ಈಗ ಫ್ರಿಜ್ಜಿನಲ್ಲಿ, ಮೊಸರಿನ ಪಕ್ಕ. ಒಯ್ಯುವ ಮುಂಚೆ ಒಂದು ಸ್ಲೈಡ್ ನೋಡಿದೆ. ಕೆಂಪು. ಹೊಲಕ್ಕೆ ನಾನೇ ಒಯ್ದೆ. ಯಂಕವ್ವ ಕೈಚಾಚಿ, "ಕೊಡವ್ವಾ ಡಾಕ್ಟರಬಾಯಿ" ಅಂದಳು. ಚುಚ್ಚಿದಳೋ ಮೆಚ್ಚಿದಳೋ ತಿಳಿಯಲಿಲ್ಲ. ಕಾಯಿ ಕಚ್ಚುವವರೆಗೆ ಅವಳಿಗೂ ತಿಳಿದಿರಲಿಕ್ಕಿಲ್ಲ.

ಅಕ್ಟೋಬರ್ 6

ಉದುರಿಲ್ಲ. ಆದರೆ ಉದುರುವ ಹೊತ್ತೂ ಇನ್ನೂ ಆಗಿಲ್ಲ. ಉಗುರು ಕಚ್ಚಿ ಕಚ್ಚಿ ಟೊಮೆಟೊ ಗಿಡದ ರುಚಿ. ಥೂ.

ಅಕ್ಟೋಬರ್ 9

ಕಚ್ಚಿವೆ! ಕಚ್ಚಿವೆ! ಕಚ್ಚಿವೆ!

ಗುಂಡುಸೂಜಿಯ ತಲೆಯಷ್ಟು ಹಸಿರು, ಒಣಗಿದ ಹೂವಿನ ಟೋಪಿ ಹಾಕಿಕೊಂಡು. ಮೊದಲ ಸಾಲು ಪೂರ್ತಿ, ಎರಡನೆಯದೂ. ಮೂರನೆಯದನ್ನು ನೋಡಲು ಆಗಲಿಲ್ಲ, ಕಣ್ಣು ಮಂಜಾಯಿತು. ಅತ್ತೆ ಸಾಲಿನಲ್ಲಿ ಕುಕ್ಕರಗಾಲಲ್ಲಿ ಕೂತು ಒಂದೊಂದನ್ನೂ ಮುಟ್ಟಿ ಮುಟ್ಟಿ ಹೋಗುತ್ತಿದ್ದರು, ಮಗುವಿನ ಹಲ್ಲು ನೋಡುವ ಹಾಗೆ. ಯಂಕವ್ವ ಎದುರಿನ ಸಾಲಿನಿಂದ, "ಯಕ್ಕಾ, ಆ ಹುಡುಗಿ ದೀಪಾವಳಿಗೆ ಹೋದ್ರ ಡಬ್ಬಿ ಯಾರ ನೋಡತಾರ?" ಅಂದಳು.

"ಗಂಡನ್ನ ಕರಕೊಂಡು ಎರಡ ದಿನಕ್ಕ ಹೋಗಿ ಬರತಾಳ. ಹೆಚ್ಚಿಗಿ ಬಿಡೂದಿಲ್ಲ ನಾ."

ಮೇಡಂಗೆ ಫೋನ್ ಮಾಡಿ ಬರೀ ಕಿರುಚಿದೆ. ಅವರೂ ಕಿರುಚಿದರು, ಕ್ಲಾಸಿನ ಮಧ್ಯೆ.

ಅಕ್ಟೋಬರ್ 11

ಸುದ್ದಿ ಹಬ್ಬಿದೆ. ಬೆಳಿಗ್ಗೆಯಿಂದ ಪಡಸಾಲೆಯಲ್ಲಿ ಊರಿನ ಬೀಜದ ಹೊಲದವರೆಲ್ಲ, ಕೈಯಲ್ಲಿ ಒಂದೊಂದು ಡಬ್ಬಿ. ರಾಜಾಸಾಬ ಕಾಕಾ ತಂದದ್ದು ಬದನೆಯ ಪುಡಿ, ಬೆಂಕಿಪೊಟ್ಟಣದಲ್ಲಿ. ನನಗೆ ಸ್ನಾನಕ್ಕೂ ಬಿಡುವಿಲ್ಲ. ಈಗ ರೊಟ್ಟಿ ತಿನ್ನುವ ನೆಪ ಹೇಳಿ ಒಳಗೆ ಬಂದು ಇದನ್ನು ಬರೆಯುತ್ತಿದ್ದೇನೆ. ನಾನಿಲ್ಲದಾಗ ಪಾಠ ಅತ್ತೆಯದು. ಇಲ್ಲಿಗೇ ಕೇಳುತ್ತಿದೆ:

"ದೂರ ಸರೀರಿ, ನೆರಳ ಬೀಳತೈತಿ! ಒಂದ ಕಣ್ಣ ತಗಿಬೇಕು. ಮೊದಲ ಸಣ್ಣದು, ಆಮ್ಯಾಲೆ ನಡುವಿಂದು. ಕುಂಕುಮದ ಕೈಲೆ ಮುಟ್ಟಬ್ಯಾಡ್ರಿ. ಈಗ ನೋಡ್ರಿ, ದೊಡ್ಡದು ತಿರುವತೀನಿ..."

ದೊಡ್ಡದನ್ನೇ? ಅತ್ತೀ, ದಪ್ಪ ತಿರುಪು ಮುಟ್ಟಬ್ಯಾಡ್ರಿ, ಗಾಜು ಒಡೆ—