ಬಾಗಿಲಾಚೆಯ ಬೆನ್ನು

ಮಾವಾ,

ನಾನು, ನಿಮ್ಮ ಸೊಸೆ ಪದ್ಮ. ನಮಸ್ಕಾರ ಆಮೇಲೆ, ಮೊದಲು ಸುದ್ದಿ. ಇನ್ನು ತಡೆದುಕೊಂಡರೆ ಹೊಟ್ಟೆ ಉಬ್ಬಿ ಸಾಯುತ್ತೇನೆ. ಸೋಮವಾರದಿಂದ ನಾನು ಟೀಚರ್! ಹೊಸಕೋಟೆಯ ತರಬೇತಿ ಕೇಂದ್ರದಲ್ಲಿ ಕಪ್ಪಿಂಗ್ ಹೇಳಿಕೊಡುವ ಕೆಲಸ ನನಗೇ ಸಿಕ್ಕಿದೆ. ಹೆಂಗಸರ ಬ್ಯಾಚಿಗೂ ನಾನೇ, ಗಂಡಸರ ಬ್ಯಾಚಿಗೂ ನಾನೇ. ಬಸ್ಸಿಗೆ ಕಾಯುವಷ್ಟು ತಾಳ್ಮೆಯಿಲ್ಲದೆ ಸಮೇತನಹಳ್ಳಿಯ ತನಕ ಆಟೊದಲ್ಲೇ ಬಂದುಬಿಟ್ಟೆ. ಬಂದವಳೇ ಪಡಸಾಲೆಯ ಗೋಡೆಯಲ್ಲಿರುವ ನಿಮ್ಮ ಫೋಟೋಗೆ ಹೇಳಿದೆ. ಅಷ್ಟಕ್ಕೇ ಸಮಾಧಾನವಾಗುತ್ತದೆಯೇ? ಅದಕ್ಕೇ ಬರೆಯಲು ಕೂತೆ.

ಈ ಕಪ್ಪಿಂಗ್ ಕಲಿಯುತ್ತೇನೆ ಎಂದು ಮನೆಯಲ್ಲಿ ಬಾಯಿ ಬಿಟ್ಟ ದಿನ ನೆನಪಿದೆಯಾ? ಆಗ ನಾನು ಫಿಸಿಯೋಥೆರಪಿ ಕ್ಲಿನಿಕ್ಕಿನಲ್ಲಿ ಸಹಾಯಕಿ. ಅಲ್ಲಿಗೆ ಬರುತ್ತಿದ್ದ ನೂರ್ ಆಪಾ ಹೆಂಗಸರಿಗೆ ಕಪ್ ಹಾಕುತ್ತಿದ್ದರು. ಬೆನ್ನಿನ ಮೇಲೆ ಸಣ್ಣ ಬಟ್ಟಲು ಬೋರಲು ಹಾಕಿ, ಪಂಪಿನಿಂದ ಒಳಗಿನ ಗಾಳಿ ಎಳೆದರೆ ಬಿಗಿದ ಮಾಂಸಖಂಡ ಸಡಿಲಾಗುತ್ತದೆ ಎಂದು ನಾನು ಸಡಗರದಿಂದ ವಿವರಿಸಿದರೆ, ಮನೆ ಸೊಸೆ ಊರವರ ಬೆನ್ನು ಸವರಿಕೊಂಡು ಕೂರಬೇಕಾ ಎಂದು ಅತ್ತೆ ರೇಗಿದ್ದರು. ನೀವು ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಾ ಹೇಳಿದ್ದು ಇಷ್ಟೇ: "ಕಲ್ತ್ಕೊಂಡು ಬರ್ಲಿ ಬಿಡೇ. ಕೈಕಸುಬು ಯಾವತ್ತಾದ್ರೂ ಕೈ ಬಿಡ್ತದಾ?"

ಆಪಾ ಕಲಿಸಿದ ರೀತಿಯೂ ಅಷ್ಟು ಸಲೀಸಾಗಿರಲಿಲ್ಲ. ಕಪ್ ಮುಟ್ಟುವ ಮೊದಲು ಬೆನ್ನು ಮುಟ್ಟಿ ತಿಳಿಯಬೇಕು ಎನ್ನುತ್ತಿದ್ದರು. ಎಲ್ಲಿ ಗಂಟು, ಎಲ್ಲಿ ಮೂಳೆ, ಯಾರಿಗೆ ಹಾಕಲೇಬಾರದು, ಯಾವಾಗ ರೋಗಿಯನ್ನು ಸುಮ್ಮನೆ ಡಾಕ್ಟರ ಹತ್ತಿರ ಕಳಿಸಬೇಕು... ಬೈದು ಬೈದು ತಲೆಗೆ ತುಂಬಿದರು. ಸರ್ಟಿಫಿಕೇಟು ಬಂದ ದಿನ ನಾನು ನೆಲದ ಮೇಲೆ ನಡೆಯಲಿಲ್ಲ ಬಿಡಿ.

ಆದರೆ ಮನೆಯಲ್ಲೇ ಇದ್ದ ಬೆನ್ನು ನಿಮ್ಮದು! ಕೋಸಿನ ಮೂಟೆ ಹೊತ್ತೂ ಹೊತ್ತೂ ಬಲಭುಜ ಮೇಲೇಳುತ್ತಿರಲಿಲ್ಲ. ನಾನೋ, ನಿಮ್ಮೆದುರು ಕುರ್ಚಿಯಲ್ಲಿ ಕೂತವಳಲ್ಲ. ನೀವು ಸೊಸೆಗೆ ಬೆನ್ನು ತೋರಿಸುತ್ತೀರಾ? ನೋವನ್ನಾದರೂ ನುಂಗುತ್ತೀರಿ, ಮರ್ಯಾದೆ ಬಿಡುವವರಲ್ಲ. ಕೊನೆಗೆ ನಾವು ಕಂಡುಕೊಂಡ ದಾರಿ ನೆನೆದರೆ ಈಗಲೂ ನಗು ಉಕ್ಕುತ್ತದೆ. ಪಡಸಾಲೆಯಲ್ಲಿ ನೀವು, ನಿಮ್ಮ ಹಿಂದೆ ಕಪ್ ಹಿಡಿದ ನಿಮ್ಮ ಮಗ, ಬಾಗಿಲ ಈಚೆ ನಡುಮನೆಯಲ್ಲಿ ನಾನು. ಗೋಡೆ ನೋಡುತ್ತಾ ಪಾಠ ಹೇಳುತ್ತಿದ್ದೆ.

ಮೊದಲ ದಿನ ಕಪ್‌ಗಳು ಒಂದೂ ನಿಲ್ಲಲಿಲ್ಲ. ಹಾಕಿದ್ದೆಲ್ಲ ಕಳಚಿ ಟಪ್ಪನೆ ನೆಲಕ್ಕೆ ಬೀಳುವ ಸದ್ದು ಕೇಳಿಸುತ್ತಿತ್ತು. ಎಣ್ಣೆ ಹೆಚ್ಚಾಯಿತೇ ಅಂದೆ, ಪಂಪು ಕೆಟ್ಟಿದೆಯೇ ಅಂದೆ, ಜೋರಾಗಿ ಎಳೆಯಿರಿ ಅಂದೆ. ಬಾಗಿಲಾಚೆ ನಿಮ್ಮ ಮಗನ ಉಸಿರು ಮಾತ್ರ ಏರುತ್ತಿತ್ತು. ಕೊನೆಗೆ ನಿಮಗೇ ತಡೆಯಲಾಗಲಿಲ್ಲ. "ಬನೀನ್ ಮೇಲ್ ಹಾಕ್ತಾವ್ನೆ ಕಣಮ್ಮ," ಅಂದಿರಿ. ಸೊಸೆ ಬಾಗಿಲ ಹತ್ತಿರವೇ ಇದ್ದಾಳೆಂದು ನೀವು ಬನಿಯನ್ ಬಿಚ್ಚಿರಲಿಲ್ಲ, ಅಪ್ಪನಿಗೆ ಬಿಚ್ಚು ಅನ್ನಲು ನಿಮ್ಮ ಮಗನಿಗೆ ಧೈರ್ಯವಿರಲಿಲ್ಲ. ಅವತ್ತು ನನಗೆ ಒಂದು ತಿಳಿಯಿತು. ಹೇಳಿಕೊಡುವವಳು ಮೊದಲು ಹೇಳಬಾರದು, ಕೇಳಬೇಕು. ಆಮೇಲಿನಿಂದ ಪ್ರತಿಸಲವೂ, ಕಣ್ಣಿಗೆ ಏನು ಕಾಣುತ್ತಿದೆ, ಬೆರಳಿಗೆ ಏನು ಸಿಗುತ್ತಿದೆ ಎಂದು ನಿಮ್ಮ ಮಗನನ್ನು ಕೇಳಿಯೇ ಮುಂದುವರಿಯುತ್ತಿದ್ದೆ. ಯುಗಾದಿ ಹೊತ್ತಿಗೆ ನೀವು ಆ ಕೈಯೆತ್ತಿ ಮಾವಿನ ತೋರಣ ಕಟ್ಟಿದಿರಿ. ನಾನು ಒಳಗೆ ಹೋಗಿ ಅತ್ತುಬಿಟ್ಟೆ, ಖುಷಿಗೆ.

ಮತ್ತೆ ಆ ಬೆಳಿಗ್ಗೆ... ಎಡಗೈ ಸೆಳೀತಾ ಇದೆ, ಕಪ್ ತಗೊಂಡು ಬಾ ಎಂದು ನೀವು ಮಗನನ್ನು ಕರೆದಿರಿ. ನಾನು ಎಂದಿನಂತೆ, ಏನು ಕಾಣುತ್ತಿದೆ ಅಂದೆ. ಬೆವರು, ಮೈಯೆಲ್ಲಾ ತಣ್ಣಗಿದೆ ಅಂದರು ನಿಮ್ಮ ಮಗ. ಅಷ್ಟೇ, ಬಾಗಿಲು ದಾಟಿ ಬಂದುಬಿಟ್ಟೆ. ನಿಮ್ಮ ಕೈ ಹಿಡಿದು, "ಕಪ್ ಬೇಡ ಮಾವಾ, ಇದು ಭುಜದ ನೋವಲ್ಲ, ಆಸ್ಪತ್ರೆಗೆ ಏಳಿ," ಅಂದೆ. ಹೃದಯದ್ದು ಅಂದರು ಡಾಕ್ಟರು, ಹೊತ್ತಿಗೆ ಸರಿಯಾಗಿ ಕರೆತಂದಿರಿ ಅಂದರು. ಅದಾದ ಮೇಲೆ ಇನ್ನೂ ಒಂದೆರಡು ಯುಗಾದಿ ನೀವು ನಮ್ಮ ಜೊತೆಗಿದ್ದಿರಿ. ಮನೆಗೆ ಬಂದ ಮೇಲೆ ಮತ್ತೆ ನಾನು ಬಾಗಿಲ ಈಚೆಯೇ, ಅದು ಬೇರೆ ಮಾತು!

ಕೆಲಸ ಕೊಡುವ ಮೊದಲು ಈ ದಿನ ನನಗಿಟ್ಟ ಪರೀಕ್ಷೆ ಕೇಳಿ. ಗಂಡಸರ ಬ್ಯಾಚಿಗೆ ಹೆಂಗಸು ಪಾಠ ಮಾಡಲು ಆಗುತ್ತದೆಯೇ ಎಂಬುದೇ ಕೇಂದ್ರದವರ ಅನುಮಾನ. ಇದು ಕೈ ತಪ್ಪಿದರೆ ನಾನು ಜನ್ಮವಿಡೀ ಸಹಾಯಕಿಯಾಗಿಯೇ ಉಳಿಯಬೇಕಿತ್ತು. ಮಲಗಿದ್ದ ಗಿರಾಕಿ ಗಂಡಸು. ನಡುವೆ ಒಂದು ಪರದೆ ಎಳೆಸಿ, ನಾನು ಈಚೆ ನಿಂತೆ. ಕಪ್ ಹಾಕುತ್ತಿದ್ದ ಹುಡುಗರಿಗೆ ಬೆರಳಿಗೆ ಏನು ಸಿಗುತ್ತಿದೆ ಎಂದು ಕೇಳಿದೆ. ಒಬ್ಬ ಗಂಟು ಅಂದ, ಇನ್ನೊಬ್ಬ ಇಲ್ಲ ಮೂಳೆ ಅಂದ, ಇಬ್ಬರೂ ವಾದಕ್ಕೆ ಬಿದ್ದರು. ನಾನು ಕೇಳುತ್ತಾ ಹೋದೆ, ಅವರೇ ಜಾಗ ಹುಡುಕಿಕೊಂಡರು. ಹೀಗೆ ಪಾಠ ಮಾಡುವುದನ್ನು ಎಲ್ಲಿ ಕಲಿತಿರಿ ಎಂದು ಕೇಂದ್ರದ ಮುಖ್ಯಸ್ಥರು ಕೇಳಿದರು. ನಮ್ಮ ಮಾವನ ಹತ್ತಿರ ಅಂದೆ. ಅವರು ಥೆರಪಿಸ್ಟಾ ಅಂದರು!

ಇನ್ನು ನೀವು ಕೇಳಿಲ್ಲದ ಸುದ್ದಿ. ಅತ್ತೆ ಅವರೆಕಾಯಿ ಬಿಡಿಸುತ್ತಾ ಕೂತಿದ್ದರು. ಕೆಲಸ ಸಿಕ್ಕಿತು ಅಂದರೆ ತಲೆಯೇ ಎತ್ತಲಿಲ್ಲ. ಹೆಂಗಸರ ಬ್ಯಾಚಿನಲ್ಲಿ ಜಾಗ ಇದೆಯಾ ಎಂದು ಕೇಳಿದರು. ಯಾರಿಗೆ ಅಂದೆ.

"ನಂಗೇ ಕಣೇ. ನೀನು ನಿಮ್ ಮಾವಂಗೆ ಕಪ್ ಹಾಕ್ಸೋವಾಗ ಹೇಳ್ತಿದ್ದಿದ್ದೆಲ್ಲ ಅಡಿಗೆಮನೇಗೂ ಕೇಳಿಸ್ತಿತ್ತು. ಬಾಯಿಗೆ ಬಂದೈತೆ, ಇನ್ನು ಕೈಗೆ ಬರ್ಬೇಕು."

ಸೋಮವಾರ ಬೆಳಗಿನ ಬಸ್ಸಿಗೆ ನಾವಿಬ್ಬರೂ ಹೊರಡುತ್ತಿದ್ದೇವೆ, ಮಾವಾ. ಅವರ ಕೈಗೆ ಬರುವ ತನಕ ನಾನು ಬಿಡುವುದಿಲ್ಲ.

ನಿಮ್ಮ ಸೊಸೆ,
ಪದ್ಮ