ಉತ್ತರ ಬಾರದಿದ್ದರೆ ದೀಪ

ನವೆಂಬರ್ 4, ಸೋಮವಾರ
ಫೋನಿನದು ಮತ್ತೆ ಅದೇ ಕಥೆ. ರಿಂಗ್ ಇಲ್ಲ, ಎಂಗೇಜ್ ಇಲ್ಲ, ಬರೀ ಮೌನ. ಒತ್ತಿ ಒತ್ತಿ ಬೆರಳು ನೋವು ಬಂತು. ಐಲರ್ಟ್ ಬ್ಯಾಗು ಹಿಡಿದು ಬೋಟು ನಿಲ್ಲುವ ಧಕ್ಕೆಯಲ್ಲಿ ನಿಂತಿದ್ದ. ಬೋಟು ಕಣ್ಣೆದುರಿಗೇ ಹಾದುಹೋಯಿತು. ಫೋನ್ ಮಾಡಿ ಹೆಸರು ಬರೆಸಿದರಷ್ಟೇ ಈ ದ್ವೀಪಕ್ಕೆ ತಿರುಗುವುದು, ಅದೂ ಅದೇ ದಿನ ಬೆಳಿಗ್ಗೆ. ಹಿಂದಿನ ದಿನ ಹೇಳಿದರೆ ನಡೆಯದಂತೆ. ರೂಲ್ಸು! ನನ್ನ ಗಂಡ ಐಲರ್ಟ್‌ನ ಕಿಡ್ನಿಗೆ ಇವರ ರೂಲ್ಸು ಗೊತ್ತೇ? ವಾರಕ್ಕೆ ಮೂರು ಸಲ ಡಯಾಲಿಸಿಸ್ ಆಗಲೇಬೇಕು, ಆಸ್ಪತ್ರೆ ಇರುವುದು ಆಚೆ ದಡದಲ್ಲಿ.
ಕೊನೆಗೆ ರಕ್ಷಣಾ ಬೋಟು ಕರೆಸಿದೆ. ಐಲರ್ಟ್‌ಗೆ ನಾಚಿಕೆ. "ಮುಳುಗ್ತಿರೋರಿಗೆ ಇರೋ ಬೋಟು ಅದು, ಗುನ್‌ವೋರ್. ನಾನೇನು ಮುಳುಗ್ತಿದ್ನಾ?"

ನವೆಂಬರ್ 5
ಬೋಟ್ ಕಂಪನಿಗೆ ಫೋನ್ ಮಾಡಿದೆ. ಮಧ್ಯಾಹ್ನ ಚೆನ್ನಾಗಿಯೇ ಎತ್ತುತ್ತಾರೆ! ಅಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವನು ಸ್ಟಿಯಾನ್ ಅಂತ. ಅವನ ಪರದೆಯಲ್ಲಿ ಎಲ್ಲ ಹಸಿರಾಗಿಯೇ ಇತ್ತಂತೆ, ನಾನು ಕರೆ ಮಾಡಿದ ಗುರುತೇ ಇಲ್ಲವಂತೆ. ನಿನಗೆ ಅರಳುಮರಳು ಅನ್ನುವುದೊಂದನ್ನು ಬಾಯಿಬಿಟ್ಟು ಹೇಳಲಿಲ್ಲ. ಮೈಯೆಲ್ಲ ಉರಿದುಹೋಯಿತು. ಕರಾವಳಿ ರೇಡಿಯೋದಲ್ಲಿ ಕೂತು ಜೀವಮಾನವೆಲ್ಲ ಹಡಗುಗಳ ಕರೆಗೆ ಓಗೊಟ್ಟವಳು ನಾನು.
ಇರು ಮಗನೇ, ತೋರಿಸುತ್ತೇನೆ.

ನವೆಂಬರ್ 7
ಸ್ಕ್ರಿಪ್ಟ್, ಅಂದರೆ ಪುಟ್ಟದೊಂದು ಕಂಪ್ಯೂಟರ್ ಪ್ರೋಗ್ರಾಂ, ಬರೆದು ಮುಗಿಸಿದೆ. ಲೈಬ್ರರಿಯ ಕ್ಲಾಸಿನಲ್ಲಿ ಕಲಿತ ಪೈಥಾನ್, ಒಂದು ಪುಟ ಕೂಡ ಇಲ್ಲ. ಬೋಟ್ ಕಂಪನಿಗೆ ಹೋಗುವ ಕರೆಗಳನ್ನು ಹಿಡಿಯುವ ಸರ್ವರ್‌ನ ವಿಳಾಸ ನಮ್ಮ ಇಂಟರ್ನೆಟ್ ಫೋನಿನ ಸೆಟ್ಟಿಂಗಿನಲ್ಲೇ ಇತ್ತು. ನಿಮಿಷಕ್ಕೊಮ್ಮೆ ಕೇಳುತ್ತದೆ — ಇದ್ದೀಯಾ? ಸರ್ವರ್ '200' ಅಂದರೆ, ಇದ್ದೇನೆ ಅಂತ. ಕೇಳುವುದು, ಕಾಯುವುದು, ಬರೆದಿಡುವುದು... ನನ್ನ ಹಳೇ ಕೆಲಸವೇ.

ನವೆಂಬರ್ 8
ಸಿಕ್ಕಿಬಿದ್ದರು! ಬೆಳಿಗ್ಗೆ ಹೆಸರು ಬರೆಸುವ ಹೊತ್ತಿಗೇ ಸರ್ವರ್ ಸದ್ದಿಲ್ಲ. ಬೋಟು ಹೊರಡಲು ಇನ್ನೇನು ಅನ್ನುವಾಗ ಎದ್ದಿತು, ಓಡಿಹೋಗಿ ಹೆಸರು ಬರೆಸಿದೆ. ದಾಖಲೆಯನ್ನು ಸ್ಟಿಯಾನ್‌ಗೆ ಕಳಿಸಿದೆ.
ಉತ್ತರ ಬಂತು: ಮೆಷಿನ್ ಚಾಲೂ ಇತ್ತು, ನಮ್ಮ ಸರ್ವರ್ ಮೇಲೆ ದಾಳಿ ಮಾಡುವುದನ್ನು ನಿಲ್ಲಿಸಿ.
ದಾಳಿಯಂತೆ! ಮನೆಯಲ್ಲಿ ಲೈಟ್ ಉರಿಯುತ್ತಿದ್ದರೆ ಸಾಕೇ? ಬಾಗಿಲು ತೆರೆಯುವವರು ಬೇಡವೇ? ನಿಲ್ಲಿಸುವುದಿಲ್ಲ. ಏನು ಮಾಡುತ್ತಾರೋ ಮಾಡಲಿ.

ನವೆಂಬರ್ 10, ಭಾನುವಾರ
ರಾಗ್ನ್‌ಫ್ರಿಡ್ ಬಂದಿದ್ದಳು. ಐಲರ್ಟ್‌ನ ಚಿಕ್ಕಪ್ಪನ ಮಗಳು, ಬೆಳಗಿನ ಬೋಟು ನಡೆಸುವವಳು ಅವಳೇ. ವಾಫಲ್ ಮೇಲೆ ಕಂದು ಚೀಸ್ ಹೇರಿಕೊಂಡು ತಿಂದಳು. ಪಟ್ಟಿಯಲ್ಲಿ ಹೆಸರಿಲ್ಲದೆ ಬೋಟು ತಿರುಗಿಸುವ ಹಾಗಿಲ್ಲವಂತೆ. ನಡುನೀರಿನಲ್ಲಿ ಅವಳ ಮೊಬೈಲಿಗೆ ಸಿಗ್ನಲ್ಲೂ ಇಲ್ಲ. ಅವಳ ಅಪ್ಪನ ಕಾಲದಲ್ಲಾದರೆ ಧಕ್ಕೆಯ ತುದಿಯಲ್ಲಿ ಲಾಟೀನು ತೂಗುಹಾಕಿದರೆ ಸಾಕಿತ್ತು, ಬೋಟು ತಿರುಗುತ್ತಿತ್ತು. ಹಾಗೆಂದವಳು ನನ್ನ ಮುಖ ನೋಡಿ ತಿನ್ನುವುದನ್ನೇ ನಿಲ್ಲಿಸಿದಳು.
ಆ ಲಾಟೀನು ಮೀನುಬಲೆ ಇಡುವ ನಮ್ಮ ಬಲೆಮನೆಯಲ್ಲೇ ಇತ್ತು. ಒಳಗೆ ಬಲ್ಬು ಕೂರಿಸಿ ಧಕ್ಕೆಯ ತುದಿಗೆ ತೂಗುಹಾಕಿದೆ. ಉತ್ತರ ಬಾರದಿದ್ದರೆ ಸ್ಕ್ರಿಪ್ಟೇ ಅದನ್ನು ಹಚ್ಚುತ್ತದೆ.

ನವೆಂಬರ್ 13, ಬುಧವಾರ
ದೀಪ ಹತ್ತಿತು. ರಾಗ್ನ್‌ಫ್ರಿಡ್ ತಿರುಗಿಸಿದಳು. ಐಲರ್ಟ್ ರಾಜನ ಹಾಗೆ ಹತ್ತಿದ. ನಾನು ಧಕ್ಕೆಯಲ್ಲಿ ಒಬ್ಬಳೇ ನಿಂತು ನಕ್ಕೆ. ಗೆದ್ದೆ ಅನ್ನಿಸಿತು.

ನವೆಂಬರ್ 14
ಗೆದ್ದಿರಲಿಲ್ಲ.
ಸ್ಟಿಯಾನ್ ಫೋನ್ ಮಾಡಿದ್ದ. ನಿನ್ನೆ ಬೆಳಿಗ್ಗೆ ಫೋನುಗಳೆಲ್ಲ ಸರಿಯಾಗಿದ್ದವು, ಬೇರೆ ದ್ವೀಪದವರೆಲ್ಲ ಹೆಸರು ಬರೆಸಿದ್ದಾರೆ, ಕರೆ ಮಾಡದೆ ಇದ್ದವಳು ನಾನೊಬ್ಬಳೇ. ನನ್ನ ಸ್ಕ್ರಿಪ್ಟಿಗೆ ಅವನು ತಡೆ ಹಾಕಿದ್ದನಂತೆ. ಸರ್ವರ್ '403' ಅಂದಿದೆ — ನಿನಗೆ ಅನುಮತಿಯಿಲ್ಲ.
"ಬೇಡ ಅಂದಿದ್ದೂ ಉತ್ತರಾನೇ ಅಲ್ವಾ ಮೇಡಂ?"
200 ಬಾರದ್ದನ್ನೆಲ್ಲ ಮೌನ ಅಂತ ಬರೆದುಬಿಟ್ಟಿದ್ದೆ. ಸ್ಕ್ರಿಪ್ಟನ್ನು ನಂಬಿ ಫೋನ್ ಮುಟ್ಟಿಯೂ ನೋಡಿರಲಿಲ್ಲ. ರೇಡಿಯೋ ಮನೆಯಲ್ಲಿ ಹೊಸಬರು ಯಾರಾದರೂ ಹೀಗೆ ಮಾಡಿದ್ದರೆ ಚೆನ್ನಾಗಿ ಉಗಿಯುತ್ತಿದ್ದೆ.
ಕಂಪನಿಯವರಿಂದ ಉಗಿಸಿಕೊಂಡವಳು ರಾಗ್ನ್‌ಫ್ರಿಡ್. ಇನ್ನೊಂದು ಸಲ ಸುಮ್ಮನೆ ತಿರುಗಿಸಿದರೆ ಬೆಳಗಿನ ರೂಟು ಅವಳ ಕೈತಪ್ಪುತ್ತದೆ. ಕ್ಷಮೆ ಕೇಳಿದೆ. ದೀಪ ಕಿತ್ತುಬಿಡಲಾ ಅಂದೆ.
"ಕೀಳ್ಬೇಡ. ದೀಪ ಕಂಡ್ರೆ ನಾನು ಕಣ್ಣು ಮುಚ್ಕೊಂಡು ಹೋಗೋಳಲ್ಲ. ನೀನು ಮಾತ್ರ ಸುಳ್ಳು ದೀಪ ಹಚ್ಬೇಡ."

ನವೆಂಬರ್ 15
ತಿದ್ದಿದೆ. ಇನ್ನು ಬೈದರೂ ಉತ್ತರವೇ. ಏನೂ ಬಾರದಿದ್ದರೆ ಮಾತ್ರ ಮೌನ. ಮೌನವಾದರೂ ಮೊದಲು ಫೋನ್ ಮಾಡಿ ನೋಡುವುದು, ಆಮೇಲೆ ನಾನೇ ಗುಂಡಿ ಒತ್ತಿದರಷ್ಟೇ ದೀಪ. ಇವತ್ತು ಸರ್ವರ್ '403' ಅಂತ ಚೆನ್ನಾಗಿ ಬೈದಿತು, ಫೋನ್ ಮಾತ್ರ ಸಿಕ್ಕಿತು, ಹೆಸರು ಬರೆಸಿದೆ.
ಆಸ್ಪತ್ರೆಯವರು ಮತ್ತೆ ಅದೇ ರಾಗ: ಪಕ್ಕದಲ್ಲೇ ಫ್ಲ್ಯಾಟ್ ಖಾಲಿ ಇದೆ, ಬಂದುಬಿಡಿ. ಐಲರ್ಟ್ ಹೇಳಿದನಂತೆ, "ಫೋನ್ ರಿಪೇರಿ ಮಾಡೋದ್ ಬಿಟ್ಟು ನನ್ನನ್ಯಾಕೆ ಎತ್ತಿಡ್ತೀರಿ?"
ಈ ಮನುಷ್ಯನನ್ನು ಸುಮ್ಮನೆ ಮದುವೆಯಾಗಲಿಲ್ಲ ನಾನು.

ನವೆಂಬರ್ 20, ಬುಧವಾರ. ಬೆಳಗಿನ ಜಾವ, ಬಲೆಮನೆ
ಮೌನ.
403 ಕೂಡ ಇಲ್ಲ. ಬೈಗುಳವೂ ಇಲ್ಲ.
ಫೋನ್ ಎತ್ತಿದೆ. ಸತ್ತಿದೆ. ಮತ್ತೆ. ಮತ್ತೆ. ಐಲರ್ಟ್‌ನ ಕಾಲು ಊದಿದೆ, ಬೂಟಿನ ದಾರ ಕಟ್ಟಲು ಆಗಲಿಲ್ಲ. ಇವತ್ತು ತಪ್ಪಬಾರದು.
ನಾನು ತಪ್ಪಿದ್ದರೆ ರಾಗ್ನ್‌ಫ್ರಿಡ್‌ಳ ಕೆಲಸ... ದಾಖಲೆ ಇನ್ನೊಮ್ಮೆ ಓದಿದೆ. ತಪ್ಪಿಲ್ಲ. ಒತ್ತಿದೆ.
ದೀಪ ಉರಿಯುತ್ತಿದೆ. ದಾಖಲೆ ಸ್ಟಿಯಾನ್‌ಗೂ ಹೋಯಿತು, ಅವನ ಮೇಲಿನವರಿಗೂ ಹೋಯಿತು. ಇದನ್ನೂ ದಾಳಿ ಅನ್ನಲಿ.
ಬೋಟಿನ ಬೆಳಕು ಕಾಣುತ್ತಿದೆ. ನೇರ ಹೋಗುತ್ತಿದೆ... ನೇರವೇ...
ಎಂಜಿನ್ ಸದ್ದು ಇಳಿಯಿತು. ಐಲರ್ಟ್ ಕೂಗುತ್ತಿದ್ದಾನೆ, ಬಾರೇ, ಹಗ್ಗ ಹಿಡಿ ಅಂತ. ಬಂದು ಬರೆ